ಬೆನ್ ಎಂದರೆ ಅಕ್ಕ

ಸೂರತ್‌ಗೆ ವರ್ಗವಾಗಿ ಬಂದ ಆರನೆಯ ತಿಂಗಳಿಗೆ ವಾಮನಮೂರ್ತಿಯವರು ತಮಗೆ ಗುಜರಾತಿ ಪೂರ್ತಿ ಬರುತ್ತದೆ ಎಂದು ತೀರ್ಮಾನಿಸಿದರು. ಈ ತೀರ್ಮಾನಕ್ಕೆ ಇಡೀ ಗುಜರಾತಿನಲ್ಲಿ ಬೇರೆ ಯಾರ ಬೆಂಬಲವೂ ಇರಲಿಲ್ಲ. ಆದರೆ ಅವರ ವಾದ ಗಟ್ಟಿಯಾಗಿತ್ತು. "ನೋಡಿ, ಅರ್ಜಿಗೆ ಅವರು ಅರಜೀ ಅಂತಾರೆ. ಸಹಿಗೆ ಸಹೀ. ದಾಖಲೆಗೆ ದಾಖಲೋ. ನೋಂದಣಿಗೆ ನೋಂಧಣೀ. ಸರ್ಕಾರದ ಮಟ್ಟಿಗೆ ನಾವೂ ಅವರೂ ಒಂದೇ ಭಾಷೆಯವರು. ಮಿಕ್ಕಿದ್ದಕ್ಕೆ ಕೊನೇಲಿ ಒಂದು 'ಛೆ' ಸೇರಿಸಿದರೆ ಆಯ್ತು" ಎನ್ನುತ್ತಿದ್ದರು. ವಿಮಾ ಕಂಪನಿಯಲ್ಲಿ ಮೂವತ್ತೈದು ವರ್ಷ ಕಾಗದದ ನಡುವೆಯೇ ಕೂತು ಎದ್ದ ಮನುಷ್ಯ. ಖಾಲಿ ಫಾರಂ ಕಂಡರೆ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗುತ್ತಿತ್ತು.

ಸೂರತ್‌ನಲ್ಲಿ ಎಂಟು ವರ್ಷ ಕಳೆದವು, ಆಮೇಲೆ ವಡೋದರಾದಲ್ಲಿ ಆರು. ಈ ಹದಿನಾಲ್ಕು ವರ್ಷದಲ್ಲಿ ಅವರ ಗುಜರಾತಿ ಕೇಳಿದ ಅಂಗಡಿಯವರೆಲ್ಲ ಮರ್ಯಾದೆಯಿಂದ ಹಿಂದಿಯಲ್ಲಿ ಉತ್ತರ ಕೊಟ್ಟರು. ಮಗಳು ಅರ್ಪಿತಾ ಆರನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವಳು, ಗುಜರಾತಿಯಲ್ಲೇ ಜಗಳವಾಡಿ ಗುಜರಾತಿಯಲ್ಲೇ ರಾಜಿಯಾಗುವವಳು. ಕನ್ನಡ ಅವಳಿಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಮೇಲೆ ನೆನಪಾಗುವ ಭಾಷೆ. "ಅಪ್ಪ, ಪ್ಲೀಸ್, ನನ್ನ ಫ್ರೆಂಡ್ಸ್ ಎದುರು ನೀನು ಗುಜರಾತಿ ಮಾತಾಡೋದು ಬೇಡ" ಎಂದು ಅವಳು ಎಷ್ಟೋ ಸಲ ಬೇಡಿಕೊಂಡಿದ್ದಳು.

ಆ ಮನೆಯಲ್ಲಿ ಗುಜರಾತಿಯ ಗೊಡವೆಗೇ ಹೋಗದವರು ಒಬ್ಬರಿದ್ದರು. ವಾಮನಮೂರ್ತಿಯವರ ಅಕ್ಕ, ಸೀತಕ್ಕ. ಅವರು ತರಕಾರಿ ಗಾಡಿಯವನಿಗೆ ತಿಪಟೂರು ಕಡೆಯ ಕನ್ನಡದಲ್ಲೇ "ಏನಪ್ಪಾ, ಈ ಹೀರೇಕಾಯಿ ನಿಮ್ಮಜ್ಜನ ಕಾಲದ್ದೇನೋ" ಎನ್ನುವರು. ಅವನು ಗುಜರಾತಿಯಲ್ಲಿ ಉದ್ದದ ಸಮಜಾಯಿಷಿ ಕೊಟ್ಟು ಎಳೆಯದನ್ನೇ ಆರಿಸಿ ಹಾಕುವನು. ಎದುರು ಮನೆಯ ಕೃಪಾಬೆನ್ ಜೊತೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲಲ್ಲಿ ಕೂತು ಹರಟುತ್ತಿದ್ದರು. ಇವರದು ಕನ್ನಡ, ಅವರದು ಗುಜರಾತಿ. ಇಬ್ಬರಿಗೂ ಒಂದೇ ಕಡೆ ನಗು ಬರುತ್ತಿತ್ತು.

ಸೀತಕ್ಕ ತಮ್ಮನಿಗಿಂತ ಹನ್ನೊಂದು ವರ್ಷ ದೊಡ್ಡವರು. ತಮ್ಮನಿಗೆ ಮೂರು ವರ್ಷವಿದ್ದಾಗ ತಾಯಿ ತೀರಿಕೊಂಡರು. ತಂದೆ ಬಸ್ ಡ್ರೈವರು, ಮೂರು ದಿನಕ್ಕೊಮ್ಮೆ ಮನೆಗೆ ಬರುವವರು. ಮದುವೆಯ ಮಾತೆತ್ತಿದವರಿಗೆ ಸೀತಕ್ಕ ಮೊದಮೊದಲು "ಇವನು ಸ್ವಲ್ಪ ದೊಡ್ಡವನಾಗಲಿ" ಅಂದರು. ಆಮೇಲೆ "ಇವನಿಗೆ ಕೆಲಸ ಸಿಗಲಿ" ಅಂದರು. ಕೆಲಸ ಸಿಕ್ಕಿತು, ಮದುವೆಯೂ ಆಯಿತು, ಮದುವೆ ತಮ್ಮನದು. ಆ ಹೊತ್ತಿಗೆ ಸೀತಕ್ಕನನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಗಾವಣೆಗೂ, ಆರ್ಡರು ತಮ್ಮ ಹೆಸರಿಗೇ ಬಂದಂತೆ, ಮೊದಲು ಪಾತ್ರೆ ಕಟ್ಟಲು ಕೂರುತ್ತಿದ್ದವರು ಅವರೇ.

ಕಳೆದ ಫೆಬ್ರವರಿಯಲ್ಲಿ ಸೀತಕ್ಕನಿಗೆ ಎದೆಯಲ್ಲಿ ಕಫ ಕಟ್ಟಿತು. ಅದು ನ್ಯುಮೋನಿಯಾ ಆಯಿತು. ಆಸ್ಪತ್ರೆ ಸೇರಿದ ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ವಾಮನಮೂರ್ತಿ ಕೆಳಗೆ ಔಷಧಿ ತರಲು ಹೋಗಿದ್ದಾಗ, ಹೋಗಿಬಿಟ್ಟರು. ಎಪ್ಪತ್ತು ವರ್ಷ.

ವಾಮನಮೂರ್ತಿ ಅಳಲಿಲ್ಲ. ಅಳುವಷ್ಟರಲ್ಲಿ ಯಾರೋ ಅವರ ಕೈಗೆ ಗುಜರಾತಿಯಲ್ಲಿ ಅಚ್ಚಾದ ಒಂದು ಫಾರಂ ಕೊಟ್ಟರು.

"ಅಪ್ಪ, ಕೊಡು, ನಾನ್ ಬರೀತೀನಿ" ಎಂದು ಅರ್ಪಿತಾ ಕೈ ಚಾಚಿದಳು. ಅವಳ ಕಣ್ಣು ಊದಿಕೊಂಡಿತ್ತು.

"ನನ್ನ ಅಕ್ಕನ ಫಾರಂ ನಾನು ತುಂಬ್ತೀನಿ" ಎಂದು ವಾಮನಮೂರ್ತಿ ಪೆನ್ನು ತೆಗೆದರು.

ನಿಂತುಕೊಂಡೇ, ಗೋಡೆಗೆ ಕಾಗದ ಒತ್ತಿ ಹಿಡಿದು, ಗುಜರಾತಿ ಅಕ್ಷರದಲ್ಲೇ ತುಂಬಿದರು. ಮೃತರ ಹೆಸರು: ಸೀತಾ. ಅದರ ಪಕ್ಕದಲ್ಲೇ 'ಸಂಬಂಧ' ಎಂಬ ಪದ ಕಂಡಿತು. ಇದೂ ನಮ್ಮದೇ ಪದ ಎಂಬ ಆತ್ಮೀಯತೆಯಿಂದ ಅಲ್ಲಿ 'ಬೆನ್' ಎಂದು ಬರೆದರು. ಬೆನ್ ಎಂದರೆ ಸಹೋದರಿ. ಇದರಲ್ಲಿ ತಪ್ಪೇನೂ ಇಲ್ಲ. ತಂದೆಯ ಹೆಸರು ಕೇಳಿದ ಕಡೆ 'ಟಿ.ಎನ್.' ಎಂದು ಬರೆದರು. ಟಿ ಅಂದರೆ ತಿಪಟೂರು, ಎನ್ ಅಂದರೆ ನರಸಿಂಹಯ್ಯ. ಕರ್ನಾಟಕದಲ್ಲಿ ಮಗು ಕೂಡ ಅರ್ಥ ಮಾಡಿಕೊಳ್ಳುವ ವಿಷಯ. ತಿಳಿಸಿದವರ ಹೆಸರಿನ ಕಡೆ ಮಾತ್ರ ತಮ್ಮ ಹೆಸರನ್ನು ದೊಡ್ಡದಾಗಿ, ಪೂರ್ತಿಯಾಗಿ ಬರೆದು ಸಹೀ ಹಾಕಿದರು.

ನಾಲ್ಕನೆಯ ದಿನ, ಚಾಂದೋದ್‌ಗೆ ಹೋಗಿ ನರ್ಮದೆಯಲ್ಲಿ ಅಸ್ಥಿ ಬಿಟ್ಟು ವಾಪಸು ಬರುವಾಗ ಕಾರಿನಲ್ಲಿ ಅವರ ಫೋನು ರಿಂಗಾಯಿತು. ಆಸ್ಪತ್ರೆಯ ದಾಖಲಾತಿ ವಿಭಾಗದ ಹುಡುಗಿ, ಮೆಲುದನಿಯವಳು. ಫಾರಮ್ಮಿನಲ್ಲಿ ಒಂದೆರಡು ಕಡೆ ಖಾಲಿ ಇದೆ ಎಂದಳು. ಸೀತಾಬೆನ್ ನಿಮ್ಮ ಮನೆಯಲ್ಲೇ ಇದ್ದರೇ ಎಂದು ಕೇಳಿದಳು. ವಾಮನಮೂರ್ತಿ "ಹಾ" ಅಂದರು.

"ತಮಾರಾ ಘರವಾಳಾ ಹತಾ?" ಎಂದು ಅವಳು ಕೇಳಿದಳು.

ತಮಾರಾ ಎಂದರೆ ನಿಮ್ಮ, ಘರ್ ಎಂದರೆ ಮನೆ, ಘರವಾಳಾ ಎಂದರೆ ಮನೆಯವರು. ವಾಮನಮೂರ್ತಿ ಫೋನನ್ನು ಕಿವಿಗೆ ಒತ್ತಿಕೊಂಡರು. "ಹಾ, ಹಾ, ಘರವಾಳಾ" ಎಂದರು. ಅಷ್ಟಕ್ಕೆ ಸಾಲದೆನಿಸಿ, "ಐವತ್ತೊಂಬತ್ತು ವರ್ಷದಿಂದ ಘರವಾಳಾ" ಎಂದೂ ಸೇರಿಸಿದರು.

ಹುಡುಗಿ "ಭಗವಾನ್ ನಿಮಗೆ ಧೈರ್ಯ ಕೊಡಲಿ, ಅಂಕಲ್" ಎಂದು ಫೋನಿಟ್ಟಳು. ಗುಜರಾತಿಯಲ್ಲಿ ಹೆಂಡತಿಗೆ ಘರವಾಳಾ ಎನ್ನುತ್ತಾರೆ ಎಂದು ಹೇಳಬಲ್ಲ ಅರ್ಪಿತಾ ಹಿಂದಿನ ಸೀಟಿನಲ್ಲಿ ಅತ್ತೂ ಅತ್ತೂ ನಿದ್ದೆ ಹೋಗಿದ್ದಳು.

ಮರಣ ಪತ್ರ ಬಂದದ್ದು ಮೂರು ವಾರದ ಮೇಲೆ. ವಾಮನಮೂರ್ತಿ ಅದನ್ನು ತೆರೆದು ನೋಡುವ ಶಕ್ತಿಯಿಲ್ಲದೆ ಒಂದು ಪ್ರತಿಯನ್ನು ಹಾಗೇ ರಜೆಯ ಅರ್ಜಿಗೆ ಲಗತ್ತಿಸಿ ಅಹಮದಾಬಾದಿನ ವಲಯ ಕಚೇರಿಗೆ ಕಳಿಸಿ, ಇನ್ನೊಂದನ್ನು ಊಟದ ಮೇಜಿನ ಮೇಲಿಟ್ಟರು. ಓದಿದವರು ಹೆಂಡತಿ ರಚನಾ.

"ರೀ" ಎಂದರು ರಚನಾ. "ನಾನು ಯಾರು?"

"ಹಂಗಂದ್ರೆ?"

"ಮೃತರ ಹೆಸರು ಸೀತಾಬೆನ್. ಗಂಡನ ಹೆಸರು ವಾಮನಮೂರ್ತಿ. ವಿಳಾಸ ನಮ್ಮ ಮನೇದು. ಹಂಗಾದ್ರೆ ಮೂವತ್ತು ವರ್ಷದಿಂದ ನಿಮಗೆ ಹುಳಿ ಬಡಿಸ್ತಿರೋಳು ಯಾರು ಅಂತ ಕೇಳ್ತಿದೀನಿ."

ವಾಮನಮೂರ್ತಿ ಕಾಗದ ಕಿತ್ತುಕೊಂಡು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಕಾಗದ ಬದಲಾಗಲಿಲ್ಲ.

ರಚನಾರಿಗೆ ಮೊದಲು ನಗು ಬಂತು. ಸೀತಕ್ಕ ಮೂವತ್ತು ವರ್ಷ ಅಡುಗೆಮನೆಯ ಒಲೆಯನ್ನು ಬಿಟ್ಟುಕೊಟ್ಟಿರಲಿಲ್ಲ; ಸಾಸಿವೆ ಡಬ್ಬಿ ಎಲ್ಲಿಡಬೇಕೆಂಬ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ. "ಒಲೆ ತಗೊಂಡ್ರು, ಕೊನೆಗೆ ನಿಮ್ಮನ್ನೂ ತಗೊಂಡೇ ಹೋದ್ರು ನೋಡಿ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅದೇ ಬಾಯಿ ಸೊಟ್ಟಗಾಗಿ, ಸೆರಗು ಕಣ್ಣಿಗೆ ಹೋಯಿತು. "ಪಾಪ, ಒಂದು ಮದುವೆ ಅಂತ ಆಗದೆ ಇದ್ದೋರಿಗೆ ಇದೆಂಥ ಕಾಗದ ಕೊಟ್ಟಿದಾರ್ರೀ! ಇದನ್ನ ಸರಿ ಮಾಡಿಸಿ. ಇವತ್ತೇ ಹೋಗಿ."

ಹೀಗೆ ವಾಮನಮೂರ್ತಿ ಪ್ರತಿ ಮಂಗಳವಾರ ಅರ್ಧ ದಿನ ರಜೆ ಹಾಕಿ ವಾರ್ಡ್ ಕಚೇರಿಗೆ ಹೋಗುವುದು ಆರಂಭವಾಯಿತು. ತಿದ್ದುಪಡಿಯ ಕಿಟಕಿ ತೆರೆಯುತ್ತಿದ್ದದ್ದು ಮಂಗಳವಾರ ಮಾತ್ರ. ಕಿಟಕಿಯ ಹಿಂದೆ ಪೂರ್ವಿಬೆನ್ ಎಂಬ ಗುಮಾಸ್ತೆ ಕೂರುತ್ತಿದ್ದರು. ಕೋಪಿಸಿಕೊಳ್ಳದ, ಕೂಗಾಡದ, ಯಾವ ಕೆಲಸವನ್ನೂ ಆಗುವುದಿಲ್ಲ ಎನ್ನದ ಹೆಂಗಸು. ಆದ್ದರಿಂದ ಅವರ ಜೊತೆ ಜಗಳವಾಡಲು ಯಾವ ದಾರಿಯೂ ಇರಲಿಲ್ಲ.

"ಈಕೆ ನನ್ನ ಹೆಂಡತಿಯಲ್ಲ, ನನ್ನ ಬೆನ್" ಎಂದರು ವಾಮನಮೂರ್ತಿ.

"ಹೌದು, ಸೀತಾಬೆನ್" ಎಂದರು ಪೂರ್ವಿಬೆನ್.

"ಅಲ್ಲ, ಸೀತಾ. ಬೆನ್ ಹೆಸರಿನಲ್ಲಿ ಇಲ್ಲ."

"ಹಾಗಾದರೆ ಬೆನ್ ತೆಗೆಯಬೇಕಾ?"

"ತೆಗೆಯಬೇಡಿ! ಬೆನ್ ಇರಲಿ. ಆದರೆ ಅಲ್ಲಿ ಬೇಡ, ಆ ಕಡೆ ಇರಲಿ. ಆಕೆ ನನಗೆ ಬೆನ್."

"ಭಾಯ್, ಇಲ್ಲಿ ಎಲ್ಲರೂ ಬೆನ್ನೇ" ಎಂದು ಪೂರ್ವಿಬೆನ್ ಸಾಲಿನಲ್ಲಿ ನಿಂತ ಹೆಂಗಸರನ್ನೆಲ್ಲ ತೋರಿಸಿದರು. "ನಾನೂ ಬೆನ್. ಅವರೂ ಬೆನ್. ನನ್ನ ಗಂಡ ಫೋನಿನಲ್ಲಿ ನನ್ನ ಹೆಸರು ಪೂರ್ವಿಬೆನ್ ಅಂತಲೇ ಬರೆದುಕೊಂಡಿದ್ದಾರೆ. ನಿಮ್ಮ ಸ್ವಂತ ಬೆನ್ ಅನ್ನುವುದಕ್ಕೆ ಕಾಗದ ಏನಿದೆ?"

ಸೀತಕ್ಕನ ಆಧಾರ್ ಕಾರ್ಡಿನಲ್ಲಿ ವಾಮನಮೂರ್ತಿಯವರ ಮನೆ ಎಂದಷ್ಟೇ ಇತ್ತು. ಅದಕ್ಕಿಂತ ಹೆಚ್ಚಿನ ಕಾಗದ ಆಕೆಗೆ ಬೇಕಾಗಿರಲಿಲ್ಲ. ಪಾಸ್‌ಪೋರ್ಟ್ ಇಲ್ಲ, ಮದುವೆ ಪತ್ರ ಇಲ್ಲ, ಆಸ್ತಿ ಇಲ್ಲ. ಪೂರ್ವಿಬೆನ್ ಕಡತ ತೆರೆದು ಇನ್ನೊಂದು ವಿಷಯ ತಿಳಿಸಿದರು: "ನೀವೇ ಫೋನಿನಲ್ಲಿ ಐವತ್ತೊಂಬತ್ತು ವರ್ಷದ ದಾಂಪತ್ಯ ಅಂತ ಹೇಳಿದ್ದೀರಿ ಅಂತ ಷರಾ ಇದೆ. ನಿಮ್ಮ ವಯಸ್ಸೆಷ್ಟು?"

"ಐವತ್ತೊಂಬತ್ತು" ಎಂದರು ವಾಮನಮೂರ್ತಿ.

ಪೂರ್ವಿಬೆನ್ ವಾಮನಮೂರ್ತಿಯವರನ್ನು ಬಹಳ ಹೊತ್ತು ನೋಡಿದರು. ನಕ್ಕರೆ ತಪ್ಪಾಗುತ್ತದೆಂದು ನಗಲಿಲ್ಲ. "ಊರಿನಿಂದ ಏನಾದರೂ ಕಾಗದ ತರಿಸಿ. ಇಬ್ಬರ ಹೆಸರೂ ಇರಬೇಕು" ಎಂದರು.

ಎರಡನೆಯ ಮಂಗಳವಾರಕ್ಕೂ ಮೂರನೆಯದಕ್ಕೂ ನಡುವೆ ಒಂದು ಶನಿವಾರ ಬಂತು. ಮಧ್ಯಾಹ್ನ ಮನೆಯ ಕರೆಗಂಟೆ ಬಡಿಯಿತು. ರಚನಾ ಬಾಗಿಲು ತೆರೆದರೆ ಬಿಳಿ ಅಂಗಿಯ ಮೂವರು ಗಂಡಸರು ಕೈಮುಗಿದು ನಿಂತಿದ್ದರು. ಮುಂದೆ ನಿಂತವನ ಕೈಯಲ್ಲಿ ದೊಡ್ಡದೊಂದು ಹೂವಿನ ಹಾರವಿತ್ತು. ಅಹಮದಾಬಾದಿನ ವಲಯ ಕಚೇರಿಯ ಸಿಬ್ಬಂದಿ ವಿಭಾಗದ ಪ್ರಮೋದ್. ವಾಮನಮೂರ್ತಿಯವರನ್ನು ಫೋನಿನಲ್ಲಿ ಬಲ್ಲವನೇ ಹೊರತು ಮನೆಯವರನ್ನು ಕಂಡವನಲ್ಲ.

"ಭಾಭೀಜಿಯವರ ಫೋಟೋ ಎಲ್ಲಿದೆ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಯಾವ ಭಾಭೀಜಿ?"

"ವಾಮನಮೂರ್ತಿ ಸಾಹೇಬರ ಪತ್ನಿ. ಹೋಗಿಬಿಟ್ಟರಲ್ಲ."

"ಅವರು ಎಲ್ಲೂ ಹೋಗಿಲ್ಲ. ಬಾಗಿಲು ತೆಗೆದಿದ್ದಾರೆ" ಎಂದರು ರಚನಾ.

ಮೂವರೂ ಒಳಗೆ ಬಂದು ವಾಮನಮೂರ್ತಿಯವರ ಎದುರಿಗೆ ಸೋಫಾದ ತುದಿಯಲ್ಲಿ ಕೂತರು. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ರಮೋದ್ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ. ರಚನಾ ಚಹಾ ತಂದುಕೊಟ್ಟರು. ಅವರು ತೀರಿಹೋದವರ ಮನೆಯಲ್ಲಿ ತೀರಿಹೋದವರೇ ಮಾಡಿದ ಚಹಾವನ್ನು ಸದ್ದಿಲ್ಲದೆ ಕುಡಿದರು. ಎದ್ದು ಹೊರಡುವಾಗ ಪ್ರಮೋದ್ ಅರೆಮನಸ್ಸಿನಿಂದ ಬಾಯಿಬಿಟ್ಟ. ಪತ್ರ ನೋಡಿದ ಕೂಡಲೇ ವಲಯ ಕಚೇರಿ ತನ್ನ ಕೆಲಸ ಮಾಡಿಬಿಟ್ಟಿತ್ತು. ಸಿಬ್ಬಂದಿಯ ಆರೋಗ್ಯ ವಿಮೆಯಿಂದ ಪತ್ನಿಯ ಹೆಸರು ತೆಗೆದಾಗಿತ್ತು. ರಚನಾರಿಗೆ ಮುಂದಿನ ತಿಂಗಳು ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು.

"ವಾಪಸ್ ಸೇರಿಸಿ" ಎಂದರು ವಾಮನಮೂರ್ತಿ.

"ಸೇರಿಸಬಹುದು ಸಾರ್. ಪತ್ರ ತಿದ್ದಿಸಿಕೊಂಡು ಬನ್ನಿ. ಇಲ್ಲದಿದ್ದರೆ ಮೇಡಮ್ಮನ್ನು ನಿಮ್ಮ ಎರಡನೆಯ ಪತ್ನಿ ಅಂತ ಹೊಸದಾಗಿ ಸೇರಿಸಬೇಕಾಗುತ್ತದೆ. ಅದಕ್ಕೆ ಮದುವೆಯ ದಿನಾಂಕ ಮೊದಲ ಪತ್ನಿ ತೀರಿಕೊಂಡ ಮೇಲಿನದಾಗಿರಬೇಕು."

ಅವರು ಹೋದ ಮೇಲೆ ಹಾರ ಸೋಫಾದ ಮೇಲೆ ಉಳಿಯಿತು. ರಚನಾ ಅದನ್ನು ಸೀತಕ್ಕನ ಫೋಟೋಕ್ಕೆ ಹಾಕಿದರು. ಫೋಟೋ ಚಿಕ್ಕದು, ಹಾರ ಬಹಳ ದೊಡ್ಡದು. ಒಳಗೆ ಸೀತಕ್ಕನ ಹಣೆಯೂ ಕಣ್ಣೂ ಮಾತ್ರ ಕಾಣುತ್ತಿದ್ದವು.

ವಾಮನಮೂರ್ತಿ ಊರಿನಲ್ಲಿದ್ದ ದೊಡ್ಡಪ್ಪನ ಮಗ ಹನುಮಂತನಿಗೆ ಫೋನು ಮಾಡಿದರು. ಹನುಮಂತನಿಗೆ ಎಪ್ಪತ್ತೈದು, ಮೊಣಕಾಲು ನೋವು, ಆದರೆ ನೆನಪು ಗಟ್ಟಿ. ಅವನು ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ಹಳೆಯ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯಿನಿಯನ್ನು ಒಪ್ಪಿಸಿ, ಸಾವಿರದೊಂಬೈನೂರ ಎಪ್ಪತ್ತೆರಡರ ದಾಖಲಾತಿ ಪುಸ್ತಕ ತೆಗೆಸಿ, ಆ ಹಾಳೆಯ ಫೋಟೋ ಕಳಿಸಿದ. ಶಾಲೆಯ ಮೊಹರು ಹಾಕಿದ ನಕಲು ಅಂಚೆಯಲ್ಲಿ ಬಂತು.

ಫೋಟೋ ತೆರೆದಾಗ ವಾಮನಮೂರ್ತಿ ಎದ್ದು ನಿಂತರು. ವಿದ್ಯಾರ್ಥಿ: ವಾಮನಮೂರ್ತಿ ಬಿನ್ ನರಸಿಂಹಯ್ಯ, ಆರು ವರ್ಷ. ಕರೆತಂದವರು: ಸೀತಾ, ತಂದೆ ನರಸಿಂಹಯ್ಯ. ಇಬ್ಬರ ಹೆಸರೂ ಇತ್ತು, ತಂದೆಯ ಹೆಸರೂ ಇತ್ತು, ಕೆಳಗೆ ದುಂಡಗಿನ ಅಕ್ಷರದಲ್ಲಿ ಸೀತಕ್ಕನ ರುಜುವೂ ಇತ್ತು. ಅದರ ಪಕ್ಕದಲ್ಲಿ, ವಿದ್ಯಾರ್ಥಿಗೆ ಸಂಬಂಧ: ತಾಯಿ.

"ಹನುಮಂತಣ್ಣ, ಇದೇನು ತಾಯಿ ಅಂತ ಬರೆದಿದಾರೆ? ಆ ಕಾಲದಲ್ಲೂ ಗುಮಾಸ್ತರು ಹಿಂಗೇನಾ?"

"ಗುಮಾಸ್ತರನ್ನ ಯಾಕೋ ಬೈತೀಯ" ಎಂದ ಹನುಮಂತ. "ನಾನಿದ್ದೆ ಅಲ್ಲೇ, ನಿಮ್ಮನ್ನ ಸೈಕಲ್ ಮೇಲೆ ಕರ್ಕೊಂಡು ಹೋಗಿದ್ದು ನಾನೇ. ಎಲ್ಲಾ ಹುಡುಗ್ರೂ ಅವರವರ ಅಮ್ಮನ ಕೈ ಹಿಡ್ಕೊಂಡು ನಿಂತಿದ್ರು. ಮೇಷ್ಟ್ರು ಸೀತೆ ಕಡೆ ನೋಡಿ 'ಇವಳು ಯಾರೋ?' ಅಂತ ನಿನ್ನ ಕೇಳಿದ್ರು. ನೀನು 'ನಮ್ಮಮ್ಮ' ಅಂತ ಕೂಗಿದ್ದೆ. ಮೇಷ್ಟ್ರು ಬರ್ದೇಬಿಟ್ರು."

"ಅಕ್ಕ ಸುಮ್ನಿದ್ಲಾ?"

"ಹದಿನೇಳು ವರ್ಷದ ಹುಡುಗಿ, ಮುಖ ಕೆಂಪಗೆ ಮಾಡ್ಕೊಂಡ್ಲು. ಆಮೇಲೆ ನಿನ್ನ ಮುಖ ನೋಡಿ ಸೈನ್ ಹಾಕಿದ್ಲು. ನಾನು ದಾರೀಲಿ ಯಾಕೇ ಹೇಳ್ಲಿಲ್ಲ ಅಂತ ಕೇಳ್ದೆ. 'ಇರ್ಲಿ ಬಿಡೋ, ಅವನ ಮುಂದೆ ಹೆಂಗೆ ಅಲ್ಲ ಅನ್ನಲಿ' ಅಂದ್ಲು."

ವಾಮನಮೂರ್ತಿ ಆ ನಕಲನ್ನು ಕಡತದ ತಳದಲ್ಲಿಟ್ಟು, ಅದರ ಮೇಲೆ ಬೇರೆ ಕಾಗದಗಳನ್ನು ಪೇರಿಸಿದರು. ಇಲ್ಲಿ ಹೆಂಡತಿ, ಅಲ್ಲಿ ತಾಯಿ. ಇದನ್ನು ಪೂರ್ವಿಬೆನ್ ಕೈಗೆ ಕೊಡುವ ಧೈರ್ಯ ಅವರಿಗಾಗಲಿಲ್ಲ. ಬದಲಿಗೆ ಸಾಕ್ಷಿ ಹೇಳಲು ಎದುರು ಮನೆಯ ಕೃಪಾಬೆನ್ ಅವರನ್ನು ಕೇಳಿಕೊಂಡರು. ಕೃಪಾಬೆನ್ ತಕ್ಷಣ ಒಪ್ಪಿ, ತಾವು ಸಾಲದೆಂದು ಅದೇ ಮಹಡಿಯ ಇನ್ನೂ ಮೂವರು ಹೆಂಗಸರನ್ನು ಹೊರಡಿಸಿದರು.

ಆರನೆಯ ಮಂಗಳವಾರ ಎಲ್ಲರೂ ಎರಡು ಆಟೋಗಳಲ್ಲಿ ವಾರ್ಡ್ ಕಚೇರಿಗೆ ಬಂದರು. ಅರ್ಪಿತಾ ಕಾಲೇಜಿಗೆ ರಜೆ ಹಾಕಿ ಜೊತೆಗೆ ಬಂದಳು. ಜನ ಜಾಸ್ತಿಯಿದ್ದ ಕಾರಣ ಪೂರ್ವಿಬೆನ್ ಎಲ್ಲರನ್ನೂ ನೇರವಾಗಿ ಒಳಗಿನ ಕೋಣೆಗೆ, ನೋಂದಣಾಧಿಕಾರಿ ಅನಿಲ್‌ಭಾಯ್ ಬಳಿಗೆ ಕಳಿಸಿದರು. ಅನಿಲ್‌ಭಾಯ್ ನಿವೃತ್ತಿಗೆ ಹತ್ತಿರವಿದ್ದ, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳುವ ಮನುಷ್ಯ.

"ವಾಮನಭಾಯ್ ಅವರ ಮನೆಯಲ್ಲಿ ಅವರ ಬೆನ್ ಇದ್ದರೇ?" ಎಂದು ಅವರು ಕೇಳಿದರು.

"ಇದ್ದರು, ಸಾಹೇಬ್" ಎಂದರು ಕೃಪಾಬೆನ್, ಧೈರ್ಯವಾಗಿ. "ಸ್ವಂತ ದೊಡ್ಡ ಬೆನ್. ದೇವರಂಥ ಹೆಂಗಸು. ಆರು ವರ್ಷ ದಿನಾ ನನ್ನ ಜೊತೆ ಕೂತಿದ್ದಾರೆ."

ವಾಮನಮೂರ್ತಿಯವರ ಮುಖ ಅರಳಿತು.

"ಅವರ ಹೆಸರು?"

"ಅಕ್ಕಾಬೆನ್."

"ಅಕ್ಕಾಬೆನ್" ಎಂದು ಉಳಿದ ಮೂವರೂ ಒಟ್ಟಿಗೆ ತಲೆಯಾಡಿಸಿದರು.

ಅನಿಲ್‌ಭಾಯ್ ಬರೆದುಕೊಂಡರು. "ಸೀತಾ ಅನ್ನುವವರು ಗೊತ್ತೇ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀತಾ ಎಂಬ ಹೆಸರನ್ನು ಅವರು ಆ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಆರು ವರ್ಷದಲ್ಲಿ ಅವರ ಕಿವಿಗೆ ಬಿದ್ದದ್ದು ವಾಮನಮೂರ್ತಿ ದಿನಕ್ಕೆ ನೂರು ಸಲ "ಅಕ್ಕಾ, ಅಕ್ಕಾ" ಎಂದು ಕೂಗುತ್ತಿದ್ದದ್ದು ಮಾತ್ರ.

ಅನಿಲ್‌ಭಾಯ್ ಪೆನ್ನು ಕೆಳಗಿಟ್ಟರು. "ಈಗ ಸ್ಪಷ್ಟವಾಯಿತು. ವಾಮನಭಾಯ್ ಅವರ ಬೆನ್ ಹೆಸರು ಅಕ್ಕಾ. ಸೀತಾ ಬೇರೆ. ಪತ್ರ ಸರಿಯಾಗಿಯೇ ಇದೆ. ಅಕ್ಕಾಬೆನ್ ಈಗ ಎಲ್ಲಿದ್ದಾರೆ?"

"ತೀರಿಕೊಂಡರು" ಎಂದರು ಕೃಪಾಬೆನ್, ಕಣ್ಣೊರೆಸಿಕೊಳ್ಳುತ್ತ.

"ತೀರಿಕೊಂಡರೇ? ಯಾವಾಗ?"

"ಫೆಬ್ರವರಿಯಲ್ಲಿ."

ಅನಿಲ್‌ಭಾಯ್ ಹುಬ್ಬು ಮೇಲೇರಿಸಿದರು. "ವಾಮನಭಾಯ್, ಅಕ್ಕಾಬೆನ್ ಅವರ ಮರಣ ನೀವು ನೋಂದಾಯಿಸಿಯೇ ಇಲ್ಲ. ಇಪ್ಪತ್ತೊಂದು ದಿನದೊಳಗೆ ಮಾಡಬೇಕಿತ್ತು. ಇದು ತಪ್ಪು."

ಅರ್ಪಿತಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ವಾಮನಮೂರ್ತಿ ಕಡತ ಬಿಚ್ಚಿ, ತಳದಲ್ಲಿದ್ದ ಶಾಲೆಯ ನಕಲನ್ನು ಮೇಜಿನ ಮೇಲಿಟ್ಟರು. ಅನಿಲ್‌ಭಾಯ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅರ್ಪಿತಾಗೂ ಬರುತ್ತಿರಲಿಲ್ಲ. ವಾಮನಮೂರ್ತಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು, ಮಗಳು ಗುಜರಾತಿಯಲ್ಲಿ ಹೇಳಿದಳು. ಕೊನೆಯ ಸಾಲಿಗೆ ಬಂದಾಗ ವಾಮನಮೂರ್ತಿ ಓದುವುದನ್ನು ನಿಲ್ಲಿಸಿದರು.

"ಏನಿದೆ ಅಲ್ಲಿ?" ಎಂದರು ಅನಿಲ್‌ಭಾಯ್.

"ತಾಯಿ" ಎಂದರು ವಾಮನಮೂರ್ತಿ.

ಅನಿಲ್‌ಭಾಯ್ ಕನ್ನಡಕ ತೆಗೆದರು. "ನಮ್ಮ ಪುಸ್ತಕದಲ್ಲಿ ಪತ್ನಿ. ನಿಮ್ಮ ಊರಿನ ಪುಸ್ತಕದಲ್ಲಿ ತಾಯಿ. ಅಕ್ಕಪಕ್ಕದವರ ಪ್ರಕಾರ ಬೆನ್, ಆದರೆ ಹೆಸರು ಬೇರೆ. ವಾಮನಭಾಯ್, ಸರಿಯಾಗಿ ಹೇಳಿ. ನಿಮ್ಮ ಮನೆಯಲ್ಲಿ ಎಷ್ಟು ಜನ ಹೆಂಗಸರಿದ್ದರು?"

ವಾಮನಮೂರ್ತಿ ಎದ್ದು ನಿಂತರು. ಗುಜರಾತಿಯಲ್ಲೇ ಉತ್ತರಿಸಬೇಕೆಂದು ಬಾಯಿ ತೆರೆದರು. ಹದಿನಾಲ್ಕು ವರ್ಷ ಕೂಡಿಟ್ಟಿದ್ದ ಪದಗಳಲ್ಲಿ ಒಂದೂ ಬರಲಿಲ್ಲ. ಬಂ‌ದದ್ದು ಕನ್ನಡ.

"ಒಬ್ಬಳೇ ಸಾರ್. ಒಬ್ಬಳೇ ಇದ್ದಿದ್ದು. ನಮ್ಮಮ್ಮ ಹೋದಾಗ ನಂಗೆ ಮೂರು ವರ್ಷ. ಅವಳಿಗೆ ಹದಿನಾಲ್ಕು. ಶಾಲೆ ಬಿಟ್ಟು ನನ್ನ ಸೊಂಟದ ಮೇಲೆ ಹೊತ್ಕೊಂಡಳು. ನನಗೆ ಟೈಫಾಯ್ಡ್ ಬಂದಾಗ ಹನ್ನೆರಡು ದಿನ ಕೂತೇ ಇದ್ದಳು. ಅವಳನ್ನ ನೋಡೋಕೆ ಒಬ್ಬರು ಬಂದಿದ್ರು ಸಾರ್, ಅರಸೀಕೆರೆಯವರು, ಮೇಷ್ಟ್ರು. ಒಪ್ಪಿದ್ರು. ತಮ್ಮನನ್ನ ಕರ್ಕೊಂಡು ಬರೋಹಾಗಿಲ್ಲ ಅಂದ್ರು. ಇವಳು ಕಾಫಿ ಲೋಟ ತೊಳೆದಿಟ್ಟು, ಬೇಡ ಅಂತ ಹೇಳಿ ಕಳಿಸಿದ್ಲು. ಅವಳಿಗೆ ನಾನೇನು ಮಾಡಿದೆ? ಒಂದು ಫಾರಂ ಕೂಡ ಸರಿಯಾಗಿ ತುಂಬಲಿಲ್ಲ."

ಅರ್ಪಿತಾಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳ ಕನ್ನಡ ಅಲ್ಲಲ್ಲಿ ತಡವರಿಸಿತು. "ಸೊಂಟ ಅಂದ್ರೆ?" ಎಂದು ಕೇಳಿದಳು, ಅಪ್ಪ ತೋರಿಸಿದರು. ಒಂದೊಂದು ವಾಕ್ಯಕ್ಕೂ ನಿಂತು, ಮೂಗು ಒರೆಸಿಕೊಂಡು, ಗುಜರಾತಿಯಲ್ಲಿ ಹೇಳಿದಳು. ಕೃಪಾಬೆನ್ ಜೋರಾಗಿಯೇ ಅಳಲು ಶುರುಮಾಡಿದರು. ಹರಟೆಯಲ್ಲಿ ಸೀತಕ್ಕ ಇದನ್ನೂ ಹೇಳಿದ್ದಿರಬೇಕು, ತನಗೆ ಗೊತ್ತಾಗದೆ ನಕ್ಕಿದ್ದೆನೇನೋ ಎಂಬುದು ಅವರ ಸಂಕಟ. ಕೊನೆಯಲ್ಲಿ ಅರ್ಪಿತಾ ಹೇಳಿದಳು: "ಸಾಹೇಬ್, ಅಕ್ಕ ಅನ್ನೋದು ಹೆಸರಲ್ಲ. ನಮ್ಮ ಭಾಷೆಯಲ್ಲಿ ದೊಡ್ಡ ಬೆನ್‌ಗೆ ಅಕ್ಕ ಅಂತಾರೆ."

ಅನಿಲ್‌ಭಾಯ್ ಆಧಾರ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಹುಟ್ಟಿದ ವರ್ಷಗಳನ್ನು ಒಂದರ ಕೆಳಗೊಂದು ಬರೆದು ಕಳೆದರು.

"ಹನ್ನೊಂದು" ಎಂದರು. "ಹನ್ನೊಂದು ವರ್ಷದವಳು ತಾಯಿಯಾಗುವುದಿಲ್ಲ. ಇಬ್ಬರಿಗೂ ತಂದೆಯ ಹೆಸರು ಒಂದೇ, ಆದ್ದರಿಂದ ಪತ್ನಿಯೂ ಆಗುವುದಿಲ್ಲ. ಅಕ್ಕಾ ಅಂದರೆ ಬೆನ್. ಇಷ್ಟು ಸಾಕು." ನಾಲ್ಕು ಹೆಂಗಸರ ಹೇಳಿಕೆಯನ್ನೂ ಬರೆದುಕೊಂಡು ಸಹಿ ಮಾಡಿಸಿದರು. ನೋಟರಿಯಿಂದ ಒಂದು ಪ್ರಮಾಣಪತ್ರ ತರಲು ಹೇಳಿ, ಕನ್ನಡ ಹಾಳೆಯ ನಕಲನ್ನು ಮಡಿಸದೆ ವಾಪಸು ಕೊಟ್ಟರು. "ಇದನ್ನು ಲಗತ್ತಿಸುವುದು ಬೇಡ. ನೀವು ಇಟ್ಟುಕೊಳ್ಳಿ" ಎಂದರು.

ಮತ್ತೆರಡು ಮಂಗಳವಾರ ಹಿಡಿಯಿತು. ಎಂಟನೆಯ ಮಂಗಳವಾರ ಪೂರ್ವಿಬೆನ್ ಕಿಟಕಿಯಿಂದ ಕೈ ಹೊರಗೆ ಚಾಚಿ ಹೊಸ ಪತ್ರ ಕೊಟ್ಟರು. ಹೆಸರು: ಸೀತಾ. ತಂದೆಯ ಹೆಸರು: ನರಸಿಂಹಯ್ಯ. ಪತಿಯ ಹೆಸರು ಇರಬೇಕಾದ ಕಡೆ ಒಂದು ಗೀಟು. ವಾಮನಮೂರ್ತಿ ಆ ಗೀಟನ್ನೇ ಸ್ವಲ್ಪ ಹೊತ್ತು ನೋಡಿದರು. ಪ್ರತಿ ಅಹಮದಾಬಾದಿಗೆ ಹೋಯಿತು. ಪ್ರಮೋದ್ ತಾನೇ ಫೋನು ಮಾಡಿ, ಭಾಭೀಜಿ ಮತ್ತೆ ಜೀವಂತ ಎಂದು ತಿಳಿಸಿದ. ರಚನಾರ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಅವರು ಮೊದಲು ಮಾಡಿದ್ದು, ಹೊಸ ಪತ್ರವನ್ನು ಹಗುರವಾಗಿ ಎತ್ತಿಕೊಂಡು, ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದ್ದು. "ಸರಿಯಾಗಿದೆ" ಎಂದು ಅದನ್ನು ಬೀರುವಿನಲ್ಲಿಟ್ಟರು.

ಮುಂದಿನ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ವಾಮನಮೂರ್ತಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಡತ ಕಂಕುಳಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಆಫೀಸಿಗೆ ಅರ್ಧ ದಿನದ ರಜೆಯನ್ನೂ ಹೇಳಿಯಾಗಿತ್ತು.

"ಎಲ್ಲಿಗ್ರೀ?" ಎಂದರು ರಚನಾ.

"ಅಕ್ಕಂದು ಸ್ವಲ್ಪ ಕೆಲಸ..." ಎಂದರು. ಎಂದವರು ಅಲ್ಲೇ ನಿಂತರು. ಒಂದು ಕಾಲು ಚಪ್ಪಲಿಯಲ್ಲಿತ್ತು, ಇನ್ನೊಂದು ನೆಲದ ಮೇಲೆ. ಎಲ್ಲಿಗೆ ಹೋಗಬೇಕು, ಯಾವ ಕಿಟಕಿಯ ಮುಂದೆ ನಿಲ್ಲಬೇಕು, ಯಾರ ಹತ್ತಿರ ಏನು ಕೇಳಬೇಕು ಎಂದು ಯೋಚಿಸಿ ನೋಡಿದರು. ಅಕ್ಕನದು ಎಂದು ಮಾಡುವ ಕೆಲಸ ಊರಿನಲ್ಲೆಲ್ಲೂ ಉಳಿದಿರಲಿಲ್ಲ.

ರಚನಾ ಬಂದು ಕಂಕುಳಿನ ಕಡತವನ್ನು ಮೆಲ್ಲಗೆ ತೆಗೆದುಕೊಂಡರು. "ಕೂತ್ಕೊಳ್ಳಿ" ಎಂದರು.

ವಾಮನಮೂರ್ತಿ ಹೊಸ್ತಿಲ ಮೇಲೆ ಕೂತರು. ಮೊದಲು ಭುಜ ಅಲ್ಲಾಡಿತು, ಆಮೇಲೆ ದನಿ ಬಂತು. ಆ ದನಿ ಕೇಳಿ ಎದುರು ಮನೆಯ ಬಾಗಿಲು ತೆರೆಯಿತು. ಕೃಪಾಬೆನ್ ಹೊರಗೆ ಬಂದರು, ಏನನ್ನೂ ಕೇಳದೆ ತಮ್ಮ ಹೊಸ್ತಿಲ ಮೇಲೆ ಕೂತರು. ಗಂಟೆ ಹತ್ತಾಯಿತು. ಒಳಗಿನಿಂದ ರಚನಾ ಮೂರು ಲೋಟ ಕಾಫಿ ತಂದರು.